ನಾಲ್ಕು ಸ್ಟೂಲಿಗೆ ಜಾಗ: ಬ್ರಿಟನ್ನಿನ ಕಂಟ್ರಿ ಹಾಡು ಬರೆಯುವವರು ನಡೆದು ಬಂದ ದಾರಿ

ಕಂಟ್ರಿ ಅಂದರೆ ಅಮೆರಿಕದ ಹಳ್ಳಿಗಾಡಿನ ಜನಪದ ಹಾಡಿನಿಂದ ಬೆಳೆದ, ಕಥೆ ಹೇಳುವ ಹಾಡಿನ ಪ್ರಕಾರ. ಬ್ರಿಟನ್ನಿನ ಕಂಟ್ರಿ ಸಂಗೀತದ ಬಗ್ಗೆ ಈಗ ಬರುವ ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಲೆ ಬುಡ ಅರ್ಥವಾಗುವುದಿಲ್ಲ. 2024ರಲ್ಲಿ ಬಿಯಾನ್ಸೆಯ ಕಂಟ್ರಿ ಆಲ್ಬಂ ಅಲ್ಲಿನ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಮಾರ್ಚ್ ಬಂತೆಂದರೆ ಲಂಡನ್ನಿನ ಓ2 ಅರೀನಾ ಎಂಬ ಭಾರಿ ಸಭಾಂಗಣ ಕಂಟ್ರಿ ಕೇಳುಗರಿಂದ ತುಂಬುತ್ತದೆ. ಇನ್ನೊಂದು ಕಡೆ, 2023ರ ಒಂದೇ ವರ್ಷದಲ್ಲಿ ಬ್ರಿಟನ್ನಿನ 125 ಸಣ್ಣ ಜಾಗಗಳಲ್ಲಿ ಹಾಡು ನಿಂತುಹೋಯಿತು ಎಂದು ಅವುಗಳ ಪರ ಕೆಲಸ ಮಾಡುವ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಲೆಕ್ಕ ಕೊಟ್ಟಿತು. ಇವುಗಳ ನಡುವೆ ಇನ್ನೊಂದು ಹಳೆಯ ವಾದ. ಕಂಟ್ರಿ ಅಮೆರಿಕದವರದ್ದು, ಇಂಗ್ಲೆಂಡಿನವರು ಹಾಡಿದರೆ ಅದು ನಕಲು ತಾನೇ?

ಇದನ್ನು ಬಿಡಿಸಿ ನೋಡಬೇಕಾದರೆ ದೊಡ್ಡ ವೇದಿಕೆ ಬಿಟ್ಟು ಚಿಕ್ಕ ವೇದಿಕೆಗೆ ಬರಬೇಕು. ಹಾಡು ಬರೆಯುವವರ ಪ್ರದರ್ಶನ ಅಂತ ಒಂದಿದೆ. ಅಲ್ಲಿನವರು ಅದನ್ನು 'ರೌಂಡ್' ಅನ್ನುತ್ತಾರೆ. ಮೂರು ನಾಲ್ಕು ಜನ ಹಾಡು ಬರೆಯುವವರು ಸ್ಟೂಲ್ ಹಾಕಿಕೊಂಡು ಗಿಟಾರ್ ಹಿಡಿದು ಅಕ್ಕಪಕ್ಕ ಕೂರುತ್ತಾರೆ. ಒಬ್ಬರು ತಮ್ಮ ಹಾಡು ಹಾಡುತ್ತಾರೆ. ಅದು ಯಾಕೆ ಬರೆದದ್ದು, ಯಾವ ಸಾಲು ಎಷ್ಟು ದಿನ ಸತಾಯಿಸಿತು, ಯಾವ ಗಾಯಕರು ಬೇಡ ಅಂದರು, ಎಲ್ಲ ಹೇಳುತ್ತಾರೆ. ಆಮೇಲೆ ಪಕ್ಕದವರ ಸರದಿ. ಉಳಿದವರು ಬೇಕೆನಿಸಿದರೆ ದನಿ ಸೇರಿಸುತ್ತಾರೆ, ಇಲ್ಲವಾದರೆ ಸುಮ್ನೆ ಕೇಳುತ್ತಾರೆ. ಡ್ರಮ್ ಇಲ್ಲ, ಬಣ್ಣದ ಬೆಳಕಿಲ್ಲ. ನಮ್ಮ ಕವಿಗೋಷ್ಠಿಗೆ ಗಿಟಾರ್ ಕೊಟ್ಟ ಹಾಗೆ ಅಂದರೆ ತಪ್ಪಾಗಲಾರದು. ಆದರೆ ಇಲ್ಲಿ ಸಾಲಿನಲ್ಲಿ ಕೂತವರು ಒಬ್ಬರಿಗೊಬ್ಬರು ನಿಜವಾಗಿ ಕಿವಿಗೊಡುತ್ತಾರೆ.

ಈ ಪದ್ಧತಿ ಹುಟ್ಟಿದ್ದು ಕಂಟ್ರಿಯ ತವರಾದ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ. 1982ರಲ್ಲಿ ಏಮಿ ಕರ್ಲಂಡ್ ಅಲ್ಲಿ ಬ್ಲೂಬರ್ಡ್ ಕೆಫೆ ತೆರೆದರು. ಅಂಗಡಿ ಸಾಲಿನ ನಡುವೆ ಇರುವ, ತೊಂಬತ್ತು ಜನ ಹಿಡಿಸುವ ಕೋಣೆ ಅದು. 1985ರಲ್ಲಿ ಹಾಡು ಬರೆಯುವ ಥಾಮ್ ಶೈಲರ್, ಡಾನ್ ಶ್ಲಿಟ್ಜ್ ಮತ್ತು ಅವರ ಗೆಳೆಯರು ವೇದಿಕೆ ಹತ್ತಲಿಲ್ಲ. ಜನರ ನಡುವೆಯೇ ಒಬ್ಬರಿಗೊಬ್ಬರು ಮುಖ ಮಾಡಿ ಕೂತು ಹಾಡಿದರು. ಅಲ್ಲಿಂದ ಅದೇ ರೂಢಿಯಾಯಿತು. ಹಾಡುವಾಗ ಮಾತಾಡಬಾರದು ಅನ್ನುವುದು ಆ ಕೆಫೆಯ ನಿಯಮ. 2005ರಲ್ಲಿ ಅಮೆರಿಕದ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್ ನ್ಯೂಯಾರ್ಕಿನ ಜೋಸ್ ಪಬ್‌ನಲ್ಲಿ ಇದೇ ರೂಪದ ಕಾರ್ಯಕ್ರಮಗಳ ಸರಣಿ ಶುರು ಮಾಡಿತು. ಕೆಲವು ವರ್ಷಗಳಲ್ಲಿ ಅದು ಲಂಡನ್ನಿಗೂ ಬಂತು.

ಅಷ್ಟು ಹೊತ್ತಿಗೆ ಬ್ರಿಟನ್ ಮತ್ತು ಕಂಟ್ರಿಯ ನಂಟು ಹಳೆಯದಾಗಿತ್ತು. ವಲಸೆ ಹೋದವರ ಜೊತೆ ಸ್ಕಾಟ್ಲೆಂಡ್, ಇಂಗ್ಲೆಂಡ್, ಐರ್ಲೆಂಡಿನ ಕಥನಗೀತೆಗಳು ಅಮೆರಿಕದ ಅಪಲಾಚಿಯನ್ ಬೆಟ್ಟಗಳಿಗೆ ಹೋದವು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಬ್ಯಾಂಜೊ ಅವಕ್ಕೆ ಸೇರಿತು. 1916ರಿಂದ 1918ರವರೆಗೆ ಇಂಗ್ಲೆಂಡಿನ ಸೆಸಿಲ್ ಶಾರ್ಪ್ ಮತ್ತು ಮಾಡ್ ಕಾರ್ಪಲೀಸ್ ಆ ಬೆಟ್ಟಗಳಲ್ಲಿ ಅಲೆದು, ತಮ್ಮ ದೇಶದ ಹಾಡುಗಳನ್ನು ಅಲ್ಲಿ ಹುಡುಕಿ ಬರೆದುಕೊಂಡರು. 1950ರ ದಶಕದಲ್ಲಿ ಬ್ರಿಟಿಷ್ ಗಾಯಕ ಲಾನಿ ಡಾನಿಗನ್ ಅಮೆರಿಕದ ಜನಪದ ಹಾಡನ್ನು ಬ್ರಿಟನ್ನಿನ ಹುಡುಗರ ಕೈಗೆ ಕೊಟ್ಟರು. 1966ರಲ್ಲಿ ಅಮೆರಿಕದ ಕಂಟ್ರಿ ಗಾಯಕ ಜಿಮ್ ರೀವ್ಸ್ ಹಾಡು ಅಲ್ಲಿ ಮೊದಲ ಸ್ಥಾನಕ್ಕೆ ಬಂದಾಗ ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅದೇ ಜಿಮ್ ರೀವ್ಸ್ ದನಿ ಬೆಂಗಳೂರು ದಂಡಿನ ಆಂಗ್ಲೋ-ಇಂಡಿಯನ್ ಮನೆಗಳಲ್ಲೂ ಕೇಳುತ್ತಿತ್ತು.

1969ರಿಂದ 1991ರವರೆಗೆ ಈಸ್ಟರ್ ಹೊತ್ತಿನಲ್ಲಿ ವೆಂಬ್ಲಿಯಲ್ಲಿ ದೊಡ್ಡ ಕಂಟ್ರಿ ಹಬ್ಬ ನಡೆಯಿತು. ನ್ಯಾಶ್‌ವಿಲ್‌ನ ತಾರೆಗಳು ವಿಮಾನ ಹತ್ತಿ ಬರುತ್ತಿದ್ದರು. ಊರೂರಲ್ಲಿ ಕಂಟ್ರಿ ಕ್ಲಬ್‌ಗಳು ಹುಟ್ಟಿದವು. 1974ರಲ್ಲಿ ಗ್ಲಾಸ್ಗೊದಲ್ಲಿ ಶುರುವಾದ ಕ್ಲಬ್ಬು ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಹೆಸರಾಂತ ಕಂಟ್ರಿ ಕಾರ್ಯಕ್ರಮದ ಹೆಸರನ್ನೇ ಇಟ್ಟುಕೊಂಡಿತು. ಜನ ಕೌಬಾಯ್ ಟೋಪಿ ಹಾಕಿಕೊಂಡು ಬರುತ್ತಿದ್ದರು. ಆ ಪ್ರೀತಿ ನಿಜವಾದದ್ದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಅಲ್ಲಿ ಬ್ಯಾಂಡ್‌ಗಳು ಹಾಡುತ್ತಿದ್ದದ್ದು ಬಹುಪಾಲು ಅಮೆರಿಕದ ಹೆಸರಾಂತ ಹಾಡುಗಳನ್ನೇ. ಸ್ವಂತ ಹಾಡು ಬರೆದವರಿಗೆ ಅಲ್ಲಿ ಜಾಸ್ತಿ ಅವಕಾಶ ಇರಲಿಲ್ಲ.

ಹಾಗಾದರೆ ಬರೆಯುವವರು ಏನು ಮಾಡಿದರು? ಕೆಲವರು ಊರು ಬಿಟ್ಟರು. ಬ್ರಿಸ್ಟಲ್‌ನಲ್ಲಿ 1940ರಲ್ಲಿ ಹುಟ್ಟಿದ ರೋಜರ್ ಕುಕ್, ಇಂಗ್ಲೆಂಡಿನಲ್ಲಿ ಪಾಪ್ ಹಾಡು ಬರೆದು ಗೆದ್ದವರು. 1970ರ ದಶಕದಲ್ಲಿ ಅವರು ನ್ಯಾಶ್‌ವಿಲ್‌ಗೆ ಹೋಗಿ ನೆಲೆಸಿದರು. ಅವರು ಇನ್ನೊಬ್ಬರ ಜೊತೆ ಸೇರಿ ಬರೆದ ಹಾಡನ್ನು 1980ರಲ್ಲಿ ಡಾನ್ ವಿಲಿಯಮ್ಸ್ ಹಾಡಿದರು, ಅದು ಕಂಟ್ರಿ ಪಟ್ಟಿಯ ತುದಿಗೆ ಹೋಯಿತು. ಜಾನ್ ಪ್ರೈನ್ ಜೊತೆ ಬರೆದದ್ದು 1998ರಲ್ಲಿ ಜಾರ್ಜ್ ಸ್ಟ್ರೇಟ್ ದನಿಯಲ್ಲಿ ಅದೇ ಜಾಗಕ್ಕೆ ಏರಿತು. 1997ರಲ್ಲಿ ನ್ಯಾಶ್‌ವಿಲ್‌ನ ಹಾಡುಬರಹಗಾರರ ಗೌರವ ಪಟ್ಟಿಗೆ ಸೇರಿದ ಮೊದಲ ಬ್ರಿಟಿಷ್ ವ್ಯಕ್ತಿ ಅವರು. ಗಿಟಾರ್ ವಾದಕ ಆಲ್ಬರ್ಟ್ ಲೀ ಮತ್ತು ಅವರ ಇಬ್ಬರು ಬ್ರಿಟಿಷ್ ಜೊತೆಗಾರರು ಬರೆದ ಹಾಡು 1985ರಲ್ಲಿ ರಿಕಿ ಸ್ಕ್ಯಾಗ್ಸ್ ಹಾಡಿ ಅಮೆರಿಕದಲ್ಲೇ ನಂಬರ್ ಒನ್ ಆಯಿತು. ಬ್ರಿಟಿಷರು ಕಂಟ್ರಿ ಬರೆಯಬಲ್ಲರೇ ಎಂಬ ಪ್ರಶ್ನೆಗೆ ಆಗಲೇ ಉತ್ತರ ಸಿಕ್ಕಿತ್ತು. ತಮ್ಮ ದೇಶದಲ್ಲೇ ಕೂತು, ತಾವೇ ಬರೆದು ತಾವೇ ಹಾಡಲು ಅವರಿಗೆ ಜಾಗ ಇತ್ತೇ ಎಂಬುದು ಬೇರೆ ಪ್ರಶ್ನೆ.

ಜಾಗದ ವಿಷಯ ಬಂದರೆ ಕಾನೂನಿನ ವಿಷಯ ಬರಲೇಬೇಕು. ಇದನ್ನು ಸಂಗೀತದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ನನಗೆ ಮಾತ್ರ ಇಡೀ ಕಥೆಯ ಕೀಲು ಇಲ್ಲೇ ಇದೆ ಅನಿಸುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1960ರ ದಶಕದಿಂದ ಪಬ್‌ಗಳಿಗೆ ಒಂದು ನಿಯಮ ಇತ್ತು. ಮದ್ಯ ಮಾರುವ ಲೈಸೆನ್ಸ್ ಇದ್ದರೆ ಸಾಕು, ಇಬ್ಬರವರೆಗೆ ಹಾಡಬಹುದು, ನುಡಿಸಬಹುದು. ಮೂರನೆಯವರು ಬಂದರೆ ಮನರಂಜನೆಗೆ ಬೇರೆ ಲೈಸೆನ್ಸ್ ಬೇಕು. ಅದಕ್ಕೆ ಕೆಲವು ಕಡೆ ಭಾರಿ ಶುಲ್ಕ. ಜನ ಇದನ್ನು 'ಬಾರಿಗೆ ಇಬ್ಬರು' ನಿಯಮ ಎಂದು ಕರೆಯುತ್ತಿದ್ದರು. ಈಗ ಆ ನಾಲ್ಕು ಸ್ಟೂಲನ್ನು ನೆನಪಿಸಿಕೊಳ್ಳಿ. ಒಬ್ಬರು ಒಂಟಿಯಾಗಿ ಹಾಡಬಹುದಿತ್ತು, ಜೋಡಿ ಹಾಡಬಹುದಿತ್ತು. ಆದರೆ ರೌಂಡ್ ಅನ್ನುವ ರೂಪವೇ ಸಾಮಾನ್ಯ ಪಬ್ಬಿನಲ್ಲಿ ಕಾನೂನಿನ ಹೊರಗಿತ್ತು. ಬ್ಲೂಬರ್ಡ್‌ನಲ್ಲಿ ಆ ಪದ್ಧತಿ ಹುಟ್ಟಿದಾಗ, ಅದನ್ನು ನೋಡಿ ಬಂದ ಬ್ರಿಟಿಷ್ ಹುಡುಗಿಯೊಬ್ಬಳು ತನ್ನೂರಿನ ಪಬ್ಬಿನಲ್ಲಿ ಮೂವರು ಗೆಳೆಯರ ಜೊತೆ ಅದನ್ನೇ ಮಾಡಲು ಹೋಗಿದ್ದರೆ ಪಬ್ಬಿನವರು ಮೊದಲು ಕಾಗದಪತ್ರ ನೋಡಬೇಕಾಗುತ್ತಿತ್ತು.

2003ರಲ್ಲಿ ಹೊಸ ಲೈಸೆನ್ಸಿಂಗ್ ಕಾಯ್ದೆ ಬಂತು, 2005ರ ನವೆಂಬರ್‌ನಲ್ಲಿ ಜಾರಿಯಾಯಿತು. ಎಲ್ಲ ಲೈಸೆನ್ಸನ್ನೂ ಒಂದೇ ಕಾಗದಕ್ಕೆ ತರುವುದು ಅದರ ಉದ್ದೇಶ. ಉದ್ದೇಶ ಕೆಟ್ಟದ್ದೇನಲ್ಲ. ಆದರೆ ಇಬ್ಬರಿಗಿದ್ದ ವಿನಾಯಿತಿಯೂ ಅದರಲ್ಲಿ ಹೋಯಿತು. ಒಬ್ಬರೇ ಗಿಟಾರ್ ಹಿಡಿದು ಹಾಡಿದರೂ ಅದು ಅನುಮತಿ ಬೇಕಾದ ಮನರಂಜನೆ. ಅನುಮತಿ ಇಲ್ಲದಿದ್ದರೆ 20,000 ಪೌಂಡ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಪಬ್ಬಿನ ಗೋಡೆಯ ದೊಡ್ಡ ಪರದೆಯಲ್ಲಿ ಫುಟ್‌ಬಾಲ್ ತೋರಿಸಲು ಇಂಥ ಅನುಮತಿ ಬೇಕಿರಲಿಲ್ಲ. ಮೂಲೆಯಲ್ಲಿ ಕೂತು ಹಾಡುವವರಿಗೆ ಬೇಕಿತ್ತು. ಸಣ್ಣ ಪಬ್ ನಡೆಸುವವರು ಯಾಕೆ ತಲೆನೋವು ಅಂತ ಹಾಡನ್ನೇ ಬಿಟ್ಟರೆ ಅವರನ್ನು ದೂರುವ ಹಾಗಿಲ್ಲ.

ಸಂಗೀತಗಾರರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ ಸಂಸತ್ತಿನ ಮೇಲ್ಮನೆಯ ಲಾರ್ಡ್ ಕ್ಲೆಮೆಂಟ್-ಜೋನ್ಸ್ ಖಾಸಗಿ ಮಸೂದೆ ತಂದರು. ಅದು ಲೈವ್ ಮ್ಯೂಸಿಕ್ ಕಾಯ್ದೆಯಾಗಿ 2012ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಮದ್ಯದ ಲೈಸೆನ್ಸ್ ಇರುವ ಜಾಗದಲ್ಲಿ ಬೆಳಗ್ಗೆ 8ರಿಂದ ರಾತ್ರಿ 11ರವರೆಗೆ, 200 ಜನರೊಳಗೆ, ಮೈಕ್ ಇಟ್ಟು ಹಾಡಲು ಬೇರೆ ಅನುಮತಿ ಬೇಡ. ಮೈಕ್ ಇಲ್ಲದಿದ್ದರೆ ಜನರ ಮಿತಿಯೂ ಇಲ್ಲ. ಹಾಡುವವರು ಎಷ್ಟು ಮಂದಿ ಎಂದು ಯಾರೂ ಎಣಿಸುವಂತಿಲ್ಲ. 2015ರಲ್ಲಿ ಕೇಳುಗರ ಮಿತಿ 500ಕ್ಕೆ ಏರಿತು.

ಆ ಕಾಯ್ದೆ ಜಾರಿಯಾದ ಐದೇ ತಿಂಗಳಿಗೆ, 2013ರ ಮಾರ್ಚ್‌ನಲ್ಲಿ, ಓ2 ಅರೀನಾದಲ್ಲಿ 'ಕಂಟ್ರಿ ಟು ಕಂಟ್ರಿ' ಹಬ್ಬ ಮೊದಲ ಬಾರಿ ನಡೆಯಿತು. ಟಿಮ್ ಮೆಕ್‌ಗ್ರಾ, ಕ್ಯಾರಿ ಅಂಡರ್‌ವುಡ್ ಮುಖ್ಯ ಗಾಯಕರು. ಅದೇ ವರ್ಷ ನ್ಯಾಶ್‌ವಿಲ್ ಕುರಿತ ಅಮೆರಿಕದ ಟಿವಿ ಧಾರಾವಾಹಿಯೊಂದು ಬ್ರಿಟನ್ನಿನಲ್ಲಿ ಪ್ರಸಾರವಾಯಿತು. ಅದರಲ್ಲಿ ಬ್ಲೂಬರ್ಡ್ ಕೆಫೆ ಮತ್ತೆ ಮತ್ತೆ ಕಾಣುತ್ತಿತ್ತು. ರೌಂಡ್ ಅಂದರೆ ಏನು ಎಂದು ಆಗ ಜನಕ್ಕೆ ಗೊತ್ತಾಯಿತು. ಬಾಬ್ ಹ್ಯಾರಿಸ್ 1999ರಿಂದಲೇ ಬಿಬಿಸಿ ರೇಡಿಯೊ 2ರಲ್ಲಿ ಕಂಟ್ರಿ ಕಾರ್ಯಕ್ರಮ ನಡೆಸಿ ಕಿವಿಗಳನ್ನು ಹದ ಮಾಡಿದ್ದರು. ಆಮೇಲೆ ಮನೆಯ ಸ್ಟುಡಿಯೊದಲ್ಲಿ ಹೊಸ ಬ್ರಿಟಿಷ್ ಹಾಡುಗಾರರನ್ನು ಕೂರಿಸಿ ಚಿತ್ರೀಕರಿಸತೊಡಗಿದರು. ಓ2 ಹಬ್ಬದ ದೊಡ್ಡ ವೇದಿಕೆ ಅಮೆರಿಕದವರದ್ದೇ ಆಗಿದ್ದರೂ ಸುತ್ತಲಿನ ಚಿಕ್ಕ ವೇದಿಕೆಗಳಲ್ಲಿ ಬ್ರಿಟಿಷರು ಹಾಡಿದರು.

ಫಲ ಬೇಗ ಕಂಡಿತು. ಬೆನ್ ಅರ್ಲ್, ಕ್ರಿಸಿ ರೋಡ್ಸ್ ಜೋಡಿಯ 'ದಿ ಶೈರ್ಸ್' ತನ್ನ ಹೆಸರನ್ನು ತೆಗೆದುಕೊಂಡದ್ದೇ ಇಂಗ್ಲೆಂಡಿನ ಕೌಂಟಿಗಳಿಂದ. 2015ರಲ್ಲಿ ಅವರ ಮೊದಲ ಆಲ್ಬಂ ಬ್ರಿಟನ್ನಿನ ಮೊದಲ ಹತ್ತರೊಳಗೆ ಬಂತು, ಬ್ರಿಟಿಷ್ ಕಂಟ್ರಿ ತಂಡಕ್ಕೆ ಅದು ಹೊಸದು. ಮರುವರ್ಷ ಹ್ಯಾಂಪ್‌ಶೈರ್‌ನ ಅವಳಿ ಸಹೋದರಿಯರ 'ವಾರ್ಡ್ ಥಾಮಸ್' ಮೊದಲ ಸ್ಥಾನಕ್ಕೇ ಏರಿತು. ಬ್ರಿಸ್ಟಲ್‌ನ ಯೋಲಾ ನ್ಯಾಶ್‌ವಿಲ್‌ಗೆ ಹೋಗಿ 2020ರ ಗ್ರ್ಯಾಮಿಯಲ್ಲಿ ನಾಲ್ಕು ನಾಮನಿರ್ದೇಶನ ಪಡೆದರು. 2018ರಲ್ಲಿ ಲೆಸ್ಟರ್‌ಶೈರ್‌ನಲ್ಲಿ 'ದಿ ಲಾಂಗ್ ರೋಡ್', ಕೆಂಟ್ ಗಡಿಯ ಬಳಿ 'ಬ್ಲ್ಯಾಕ್ ಡಿಯರ್' ಹಬ್ಬಗಳು ಶುರುವಾದವು.

ಈ ಬೆಳವಣಿಗೆಗೆ ಅರೀನಾ ಮತ್ತು ಟಿವಿ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ. ಕಾನೂನು ಬದಲಾದದ್ದರಿಂದಲೇ ಎಲ್ಲ ಆಯಿತು ಎಂದೂ ನಾನು ಹೇಳುತ್ತಿಲ್ಲ. ಆದರೆ ಅರೀನಾ ನೋಡಿ ಮನೆಗೆ ಹೋದ ಹತ್ತೊಂಬತ್ತರ ಹುಡುಗಿ ತನ್ನ ಹಾಡು ಬರೆದಳು ಅಂದುಕೊಳ್ಳಿ. ಅದು ನಾಲ್ಕು ಜನರ ಮುಂದೆ ನಿಲ್ಲುತ್ತದೋ ಇಲ್ಲವೋ ಎಂದು ಆಕೆಗೆ ಗೊತ್ತಾಗಬೇಕು, ಅಲ್ವಾ? ಎರಡನೇ ಚರಣದಲ್ಲಿ ಜನ ಫೋನ್ ತೆಗೆದರೆ ಆ ಚರಣ ಸರಿಯಿಲ್ಲ. ಅದು ತಿಳಿಯುವುದು ಸಣ್ಣ ಕೋಣೆಯಲ್ಲಿ ಮಾತ್ರ. ಇದು ನಕಲು ತಾನೇ ಎಂಬ ಆ ಹಳೆಯ ಜಗಳವೂ ಅಲ್ಲೇ ಬಗೆಹರಿಯುತ್ತದೆ. ಟ್ರಕ್ಕು, ಟೆಕ್ಸಾಸ್ ಅಂತ ಎರವಲು ತಂದ ಸಾಲನ್ನು ಹಾಡಿದ ಮೇಲೆ ಅದರ ಹಿಂದಿನ ಕಥೆ ಹೇಳಬೇಕಾದಾಗ ಹೇಳಲು ಏನೂ ಇರುವುದಿಲ್ಲ. ಮಳೆ ಸುರಿಯುವ ತಮ್ಮೂರಿನ ಹೆದ್ದಾರಿಯ ಬಗ್ಗೆ, ಮುಚ್ಚಿದ ಗಿರಣಿಯ ಬಗ್ಗೆ, ಅಜ್ಜಿಯ ಬಗ್ಗೆ ಬರೆದವರಿಗೆ ಹೇಳಲು ಬೇಕಾದಷ್ಟು ಇರುತ್ತದೆ.

ಈಗಿನ ತೊಡಕು ಹಣದ್ದು. ಅರೀನಾ ಕಾರ್ಯಕ್ರಮದ ಟಿಕೆಟ್ ಹಣದಲ್ಲಿ ಹಾಡು ಬರೆದವರಿಗೆ ಪಾಲು ಇದೆ. 2018ರಲ್ಲಿ ಅದು ಶೇಕಡಾ 3ರಿಂದ 4.2ಕ್ಕೆ ಏರಿತು, ಪಿಆರ್‌ಎಸ್ ಸಂಸ್ಥೆ ಅದನ್ನು ಸಂಗ್ರಹಿಸುತ್ತದೆ. ಸ್ಟ್ರೀಮಿಂಗ್‌ನಲ್ಲಿ ಲೆಕ್ಕ ಬೇರೆ. ನೂರು ರೂಪಾಯಿ ಬಂತು ಎಂದರೆ ಸುಮಾರು ಮೂವತ್ತು ಆ ಸೇವೆಗೆ, ಐವತ್ತೈದರ ಆಸುಪಾಸು ರೆಕಾರ್ಡಿಂಗ್ ಕಡೆಗೆ, ಹಾಡು ಬರೆದ ಕಡೆಗೆ ಸುಮಾರು ಹದಿನೈದು. ಅದರಲ್ಲೂ ಪ್ರಕಾಶಕರ ಪಾಲು ಹೋಗಬೇಕು. ಕಂಟ್ರಿಯಲ್ಲಿ ಮೂವರು ಸೇರಿ ಒಂದು ಹಾಡು ಬರೆಯುವುದೇ ರೂಢಿ, ಉಳಿದದ್ದನ್ನು ಮೂರು ಭಾಗ ಮಾಡಬೇಕು. 2021ರಲ್ಲಿ ಸಂಸತ್ತಿನ ಸಮಿತಿ ಈ ವ್ಯವಸ್ಥೆಯನ್ನು ಬುಡದಿಂದ ಸರಿಪಡಿಸಬೇಕು ಎಂದಿತು. ಬುಡ ಇನ್ನೂ ಹಾಗೇ ಇದೆ.

ಜೊತೆ ಕೂತು ಬರೆಯಲು, ಹಾಡಲು ನ್ಯಾಶ್‌ವಿಲ್‌ಗೆ ಹೋಗುವುದೂ ದುಬಾರಿಯಾಗಿದೆ. ಹಾಡುಗಾರರು ಅಮೆರಿಕದಲ್ಲಿ ಕಾರ್ಯಕ್ರಮ ಕೊಡಲು ಬೇಕಾದ ವೀಸಾ ಅರ್ಜಿಯ ಶುಲ್ಕ 2024ರ ಏಪ್ರಿಲ್‌ವರೆಗೆ 460 ಡಾಲರ್ ಇತ್ತು. ಆಮೇಲೆ ಅದು ದೊಡ್ಡ ಅರ್ಜಿದಾರರಿಗೆ 1,600 ಡಾಲರ್ ದಾಟಿತು, ಸಣ್ಣವರಿಗೂ 800 ದಾಟಿತು.

ಸಣ್ಣ ಜಾಗಗಳನ್ನು ಉಳಿಸಲು ಒಂದು ದಾರಿ ಚರ್ಚೆಯಲ್ಲಿದೆ. ಅರೀನಾ, ಸ್ಟೇಡಿಯಂ ಟಿಕೆಟ್ಟಿನಿಂದ ಒಂದೊಂದು ಪೌಂಡ್ ತೆಗೆದು ಅವಕ್ಕೆ ಕೊಡುವುದು. 2024ರ ಮೇನಲ್ಲಿ ಸಂಸದೀಯ ಸಮಿತಿ ಇದನ್ನು ಹೇಳಿತು, ನವೆಂಬರ್‌ನಲ್ಲಿ ಸರ್ಕಾರ ಒಪ್ಪಿತು. ಆದರೆ ಕಡ್ಡಾಯ ಮಾಡಲಿಲ್ಲ, ಉದ್ಯಮವೇ ಮನಸ್ಸು ಮಾಡಲಿ ಎಂದಿತು. ಕೋಲ್ಡ್‌ಪ್ಲೇ ತಂಡ 2025ರ ಬ್ರಿಟನ್ ಪ್ರದರ್ಶನಗಳ ತನ್ನ ಆದಾಯದ ಹತ್ತನೇ ಒಂದು ಭಾಗವನ್ನು ಸಣ್ಣ ಜಾಗಗಳಿಗೆ ಕೊಡುವುದಾಗಿ ತಾನಾಗಿ ಹೇಳಿತು. ಮನಸ್ಸಿದ್ದವರು ಕೊಡುತ್ತಾರೆ, ಉಳಿದವರು ಕಾಯುತ್ತಾರೆ. ಕಡ್ಡಾಯವಾಗಬೇಕು ಎಂದೇ ನನ್ನ ಅಭಿಪ್ರಾಯ. ಆ ಹಣ ಬರುವುದು ಶುರುವಾದಾಗ ಬಾಡಿಗೆ, ಕರೆಂಟ್ ಬಿಲ್ಲಿನ ಜೊತೆಗೆ, ಸ್ಟೂಲ್ ಮೇಲೆ ಕೂತು ಹಾಡುವ ಆ ನಾಲ್ವರ ರಾತ್ರಿಯ ಸಂಭಾವನೆಯನ್ನೂ ಖರ್ಚಿನ ಪಟ್ಟಿಯಲ್ಲಿ ಬರೆಯಬೇಕು.