ಪದ ಪರಿಚಯ: ಕಯೋಟಿ ಟೈಮ್

"ಒತ್ತಿದ್ದೆ ಕಣ್ರೀ! ಬಟನ್ ಒತ್ತಿದ್ದೆ, ಅದು ಜಿಗಿಯಲೇ ಇಲ್ಲ!" ಪ್ಲಾಟ್‌ಫಾರ್ಮ್ ಗೇಮ್ ಆಡುವವರೆಲ್ಲ ಒಂದಲ್ಲ ಒಂದು ದಿನ ಹೀಗೆ ಕೂಗಿರುತ್ತಾರೆ. ಓಡಿ ಬಂದು, ಕಟ್ಟೆಯ ತುದಿಯಲ್ಲಿ ಜಿಗಿದು, ಆಚೆ ಕಟ್ಟೆ ಹಿಡಿಯಬೇಕು. ಆದರೆ ಕ್ಯಾರೆಕ್ಟರ್ ಜಿಗಿಯದೆ ಸುಮ್ನೆ ಹಳ್ಳಕ್ಕೆ ನಡೆದುಹೋಗುತ್ತದೆ. ಒತ್ತಿದ್ದೇನೋ ನಿಜ, ಒಂದೆರಡು ಫ್ರೇಮ್ (ತೆರೆಯ ಮೇಲೆ ಒಂದರ ಹಿಂದೊಂದು ಬರುವ ಚಿತ್ರ) ತಡವಾಗಿ. ಅಷ್ಟರಲ್ಲಿ ಕಾಲ ಕೆಳಗೆ ನೆಲ ಇರಲಿಲ್ಲ. ನೆಲ ಇಲ್ಲದಿದ್ದರೆ ಜಿಗಿತವೂ ಇಲ್ಲ.

ಈ ತಡವನ್ನು ಮನ್ನಿಸುವ ಏರ್ಪಾಡೇ ಕಯೋಟಿ ಟೈಮ್. ಅಂಚು ದಾಟಿದ ಮೇಲೂ ಒಂದು ಚೂರು ಹೊತ್ತು ಕ್ಯಾರೆಕ್ಟರ್ ನೆಲದ ಮೇಲೇ ಇದೆ ಅಂತ ಗೇಮ್ ಲೆಕ್ಕ ಹಿಡಿಯುತ್ತದೆ. ಅಷ್ಟರೊಳಗೆ ಬಟನ್ ಒತ್ತಿದರೆ ಜಿಗಿತ ಸಿಗುತ್ತದೆ.

ಹೆಸರು ಬಂದದ್ದು ಕಾರ್ಟೂನಿನಿಂದ. ರೋಡ್ ರನ್ನರ್ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗುವ ವೈಲ್ ಇ. ಕಯೋಟಿ (ಕಯೋಟಿ ಅಂದರೆ ತೋಳದಂಥ ಒಂದು ಪ್ರಾಣಿ) ಮೊದಲ ಸಲ ತೆರೆಗೆ ಬಂದದ್ದು 1949ರಲ್ಲಿ. ಬಂಡೆಯ ಅಂಚು ದಾಟಿ ಗಾಳಿಯಲ್ಲೇ ಓಡುತ್ತಾನೆ, ಏನೂ ಆಗಲ್ಲ. ಕೆಳಗೆ ನೋಡಿದ ಮೇಲೇ ಬೀಳುವುದು. ಕನ್ನಡದಲ್ಲಿ ಹೆಸರಿಡುವ ಕೆಲಸ ನನಗೆ ಬಂದಿದ್ದರೆ 'ತ್ರಿಶಂಕು ಗಳಿಗೆ' ಅಂತ ಇಡುತ್ತಿದ್ದೆ.

ಎಷ್ಟು ಹೊತ್ತು ಈ ಗಳಿಗೆ? 2018ರ 'ಸೆಲೆಸ್ಟ್' ಗೇಮ್ ತೆಗೆದುಕೊಳ್ಳೋಣ. ಅದರ ನಾಯಕಿ ಮ್ಯಾಡೆಲಿನ್‌ಳ ಪ್ರೋಗ್ರಾಮ್ ಕೋಡನ್ನು ಗೇಮ್ ಮಾಡಿದವರೇ ಎಲ್ಲರಿಗೂ ಓದಲು ಬಿಟ್ಟಿದ್ದಾರೆ. ಅದರಲ್ಲಿ ಈ ಅವಧಿ 0.1 ಸೆಕೆಂಡ್. ಸೆಕೆಂಡಿಗೆ 60 ಫ್ರೇಮ್ ಅಂದರೆ 6 ಫ್ರೇಮ್ ಆಯಿತು. ಅವಳ ಓಟ ಸೆಕೆಂಡಿಗೆ 90 ಪಿಕ್ಸೆಲ್, ಹಾಗಾಗಿ ಅಷ್ಟರಲ್ಲಿ 9 ಪಿಕ್ಸೆಲ್ ಮುಂದೆ ಹೋಗಿರುತ್ತಾಳೆ. ಅವಳ ಮೈಯ ಅಗಲವೇ 8 ಪಿಕ್ಸೆಲ್! ಪೂರ್ತಿ ಕಟ್ಟೆ ಬಿಟ್ಟು, ಮಧ್ಯೆ ಇನ್ನೊಬ್ಬಳು ಮ್ಯಾಡೆಲಿನ್ ನಿಲ್ಲುವಷ್ಟು ಜಾಗ ಆದ ಮೇಲೂ ಜಿಗಿಯಬಹುದು. ಆಡುವಾಗ ಇದು ಗೊತ್ತೇ ಆಗಲ್ಲ. ತುದಿಯಲ್ಲಿ ಸರಿಯಾಗಿ ಜಿಗಿದೆ ಅಂತ ನಾವು ಬೀಗುತ್ತೇವೆ, ಅಷ್ಟೇ.

ರೆಟ್ರೊ (ಹಳೇ ಕಾಲದ) ಶೈಲಿಯ, ಸಣ್ಣ ತಂಡಗಳು ಸ್ವಂತವಾಗಿ ಮಾಡುವ ಇಂಡೀ ಗೇಮ್‌ಗಳ ಸೊಗಸು ಇರುವುದೂ ಇಲ್ಲೇ ಅನ್ನಿಸುತ್ತದೆ ನನಗೆ. ಅವು ಹಳೇ ಗೇಮ್‌ಗಳ ನಕಲಲ್ಲ, ನಮ್ಮ ನೆನಪಿನಲ್ಲಿರುವ ಹಳೇ ಗೇಮ್‌ಗಳ ನಕಲು. 1985ರ 'ಘೋಸ್ಟ್ಸ್ ಎನ್ ಗಾಬ್ಲಿನ್ಸ್' ಈಗ ಆಡಿ ನೋಡಿ. ಒಮ್ಮೆ ಜಿಗಿದರೆ ಗಾಳಿಯಲ್ಲಿ ದಿಕ್ಕು ಬದಲಿಸುವಂತಿಲ್ಲ. ಹೇಗೋ ಕೊನೆ ಮುಟ್ಟಿದರೆ ಮೊದಲಿನಿಂದ ಇನ್ನೊಂದು ಸಲ ಆಡು ಅನ್ನುತ್ತದೆ! ಇದೆಲ್ಲ ಮರೆತುಹೋಗಿ ಬಣ್ಣ, ಸದ್ದು, ಗೆದ್ದ ಖುಷಿ ಮಾತ್ರ ಉಳಿದಿರುತ್ತದೆ. 2014ರ 'ಶವಲ್ ನೈಟ್' ಕೂಡ ಇಂಥ ನೆನಪಿನ ನಕಲೇ. ನೋಡಲು ಪಕ್ಕಾ ಎನ್‌ಇಎಸ್ (ನಿಂಟೆಂಡೊ ಕಂಪನಿಯ ಹಳೇ ಗೇಮ್ ಯಂತ್ರ) ಕಾಲದ ಗೇಮ್. ಆದರೆ ಎನ್‌ಇಎಸ್‌ನಲ್ಲಿ ತೆರೆಯ ಒಂದೇ ಅಡ್ಡಗೆರೆಯಲ್ಲಿ 8ಕ್ಕಿಂತ ಜಾಸ್ತಿ ಸ್ಪ್ರೈಟ್ (ಓಡಾಡುವ ಪುಟ್ಟ ಚಿತ್ರ) ಬಂದರೆ ಚಿತ್ರ ಮಿಣಮಿಣ ಅನ್ನುತ್ತಿತ್ತು. ಆ ಕಾಟವನ್ನು ಇವರು ತರಲಿಲ್ಲ.

ಕೆಲವರು ಸೊಗಸಿನ ಜೊತೆ ಕಾಟವನ್ನೂ ತರುತ್ತಾರೆ. ಈಚೆಗೆ ಒಂದು ಪುಟ್ಟ ಗೇಮ್ ಆಡಿದೆ, ಹೆಸರು ಬೇಡ. ಪಿಕ್ಸೆಲ್ ಮಳೆ, ಒದ್ದೆ ಹೆಂಚಿನ ಮೇಲೆ ದೀಪದ ಬೆಳಕು, ಕಣ್ಣಿಗೆ ಹಬ್ಬ. ಹಳೇ ಗೇಮ್ ಯಂತ್ರಗಳ ಸದ್ದಿನಂಥ ಅದರ ಚಿಪ್ ಸಂಗೀತ ಇನ್ನೂ ತಲೆಯೊಳಗೆ ಓಡುತ್ತಿದೆ. ಕಯೋಟಿ ಟೈಮ್ ಮಾತ್ರ ಸೊನ್ನೆ. ಮೂರನೇ ಹಂತದ ಒಂದೇ ಹಳ್ಳಕ್ಕೆ ಬಿದ್ದು ಬಿದ್ದು ಕೊನೆಗೆ ಎಣಿಸುವುದನ್ನೇ ಬಿಟ್ಟೆ. "ಹಳೇ ಗೇಮ್ ಅಂದ್ರೆ ಹೀಗೇ, ಕಷ್ಟ ಇರಬೇಕು" ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಆಗಿನ ಡಬ್ಬಿ ಟಿವಿಯಲ್ಲಿ ಬಟನ್ ಒತ್ತಿದ್ದು ಹೆಚ್ಚುಕಮ್ಮಿ ತಕ್ಷಣವೇ ತೆರೆಯ ಮೇಲೆ ಕಾಣುತ್ತಿತ್ತು. ಈಗಿನ ಎಲ್‌ಸಿಡಿ ಟಿವಿ, ವೈರ್‌ಲೆಸ್ ಕಂಟ್ರೋಲರ್ ಎಲ್ಲ ತಮ್ಮ ತಮ್ಮ ಪಾಲಿನ ತಡ ಸೇರಿಸುತ್ತವೆ. ಅಂದಿನ ಬಿಗಿಯನ್ನೇ ಇಂದಿನ ತೆರೆಗೆ ತಂದರೆ ಅದು ಅಂದಿಗಿಂತ ಜಾಸ್ತಿ ಬಿಗಿ, ಅಲ್ವಾ?

ಧಾರಾಳ ಮಾಡಿದರೂ ಕೆಡುತ್ತದೆ. ಅವಧಿ ಉದ್ದವಾದರೆ ಗಾಳಿಯಲ್ಲಿ ಕಾಣದ ಮೆಟ್ಟಿಲು ಇದ್ದಂತಾಗಿ ಹಳ್ಳಕ್ಕೆ ಬೆಲೆಯೇ ಇರಲ್ಲ. ಕೋಡ್ ಬರೆಯುವವರು ಎಡವುವ ಜಾಗವೂ ಒಂದಿದೆ. ಜಿಗಿದ ಕೂಡಲೇ ಈ ಗಡುವನ್ನು ಸೊನ್ನೆ ಮಾಡಬೇಕು. ಮರೆತರೆ ಕ್ಯಾರೆಕ್ಟರ್ ಇನ್ನೂ ನೆಲದ ಮೇಲಿದೆ ಅಂತಲೇ ಲೆಕ್ಕವಾಗಿ ಗಾಳಿಯಲ್ಲಿ ಇನ್ನೊಂದು ಜಿಗಿತ ಪುಕ್ಕಟೆ ಸಿಗುತ್ತದೆ.

ಇದರ ಜೊತೆಗಾರ ಜಂಪ್ ಬಫರ್. ನೆಲ ಮುಟ್ಟುವ ಮೊದಲೇ ಬಟನ್ ಒತ್ತಿದರೆ ಗೇಮ್ ಅದನ್ನು ನೆನಪಿಟ್ಟುಕೊಂಡು, ಮುಟ್ಟಿದ ತಕ್ಷಣ ಜಿಗಿಸುತ್ತದೆ. ಬಫರ್ ಅವಸರದವರಿಗೆ, ಕಯೋಟಿ ಟೈಮ್ ತಡವಾದವರಿಗೆ.

ನೀವು ಆಡುವ ಗೇಮಿನಲ್ಲಿ ಕಯೋಟಿ ಟೈಮ್ ಇದೆಯಾ ನೋಡಬೇಕಾ? ಜಿಗಿಯದೆ ಅಂಚಿನಿಂದಾಚೆ ಸುಮ್ನೆ ನಡೆಯಿರಿ. ಕಾಲು ಬಿಟ್ಟಿತು ಅನ್ನುವಷ್ಟರಲ್ಲಿ ಬಟನ್ ಒತ್ತಿ. ಡಬಲ್ ಜಂಪ್ (ಗಾಳಿಯಲ್ಲೇ ಇನ್ನೊಮ್ಮೆ ಜಿಗಿಯುವ ಸೌಲಭ್ಯ) ಇಲ್ಲದ ಗೇಮಿನಲ್ಲಿ ಜಿಗಿತ ಬಂದರೆ ಇದೆ ಅಂತಲೇ ಅರ್ಥ. ವಿಡಿಯೊ ರೆಕಾರ್ಡ್ ಮಾಡಿ ನಿಧಾನಕ್ಕೆ ಓಡಿಸಿದರೆ ಎಷ್ಟು ಫ್ರೇಮ್ ಅಂತ ಎಣಿಸಲೂಬಹುದು.