ಟಾರ್ಶನ್ ಬಾರಿನ ಬೋಲ್ಟ್ ಬಿಚ್ಚುವ ಮುನ್ನ

ಜೂನ್ 1ಕ್ಕೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಬೀಳುತ್ತದೆ. ಜುಲೈ 31ರವರೆಗೆ ಮಲ್ಪೆಯ ಬೋಟುಗಳು ದಕ್ಕೆಯಲ್ಲೇ. ಬೋಟು ನಿಂತರೆ ಮೀನು ಸಾಗಿಸುವ ಪಿಕಪ್‌ಗಳಿಗೂ ಬಿಡುವು. ವರ್ಷವಿಡೀ ಮುಂದೂಡಿದ ಕೆಲಸವೆಲ್ಲ ಆ ಎರಡು ತಿಂಗಳಲ್ಲಿ ಗ್ಯಾರೇಜಿಗೆ ಬರುತ್ತದೆ. ಐಟಿಐ ಮುಗಿಸಿ ಉಡುಪಿಯಲ್ಲಿ ಅಪ್ರೆಂಟಿಸ್ ಆಗಿ ಸೇರಿದ ಮೊದಲ ಮಳೆಗಾಲದಲ್ಲಿ ನನ್ನ ಕೈಗೆ ಬಂದದ್ದು ಅಂಥದ್ದೇ ಒಂದು ಹಳೆಯ ಪಿಕಪ್. ಮುಂದಿನ ಎಡಭಾಗ ತಗ್ಗಿತ್ತು, ಟೈರಿನ ಒಳಅಂಚು ಬೋಳಾಗಿತ್ತು. ಚಾಲಕರು ಹೇಳಿದ್ದು ಇಷ್ಟೇ: "ಬೋಲ್ಟ್ ನಾಲ್ಕು ಸುತ್ತು ಟೈಟ್ ಮಾಡಿ ಕೊಡಿ ಮಾರಾಯ್ರೆ, ಗುಂಡಿಗೆ ಬಿದ್ರೆ ಮುಂದೆ ಕೂತೇ ಬಿಡ್ತದೆ. ಸಸ್ಪೆನ್ಶನ್ ಸ್ವಲ್ಪ ಗಟ್ಟಿ ಆಗ್ಲಿ."

ಅವರು ಹೇಳಿದ್ದು ಟಾರ್ಶನ್ ಬಾರಿನ ಬೋಲ್ಟ್. ಆ ಬೋಲ್ಟ್ ತಿರುಗಿಸಿದರೆ ಸಸ್ಪೆನ್ಶನ್ ಗಟ್ಟಿಯಾಗುವುದಿಲ್ಲ. ಈ ಟಿಪ್ಪಣಿ ಬರೆಯುತ್ತಿರುವುದೇ ಅದಕ್ಕಾಗಿ. ಇದೊಂದು ಸರಿಯಾಗಿ ಅರ್ಥವಾದರೆ ಯಾವ ಭಾಗ ಬದಲಿಸಬೇಕು, ಯಾವುದನ್ನು ಮುಟ್ಟಬಾರದು, ಕೈ ಎಲ್ಲಿಡಬಾರದು ಎನ್ನುವುದೆಲ್ಲ ತಾನಾಗಿ ತಿಳಿಯುತ್ತದೆ.

ಬಾರ್ ಮಾಡುವ ಕೆಲಸ

ಟಾರ್ಶನ್ ಬಾರ್ ಎಂದರೆ ಸುರುಳಿ ಸುತ್ತದ ಸ್ಪ್ರಿಂಗ್. ಚಾಸಿಯ ಉದ್ದಕ್ಕೆ ಮಲಗಿರುವ ಉಕ್ಕಿನ ಸಲಾಕೆ. ಮುಂದಿನ ತುದಿ ಸ್ಪ್ಲೈನ್ (ಒಂದರೊಳಗೊಂದು ಕೂರುವ ಹಲ್ಲುಗಳು) ಮೂಲಕ ಚಕ್ರ ಹಿಡಿದಿರುವ ಸಸ್ಪೆನ್ಶನ್ ಆರ್ಮಿಗೆ, ಹಿಂದಿನ ತುದಿ ಆಂಕರ್ ಆರ್ಮ್ ಎನ್ನುವ ಗಿಡ್ಡ ತೋಳಿಗೆ. ಆ ತೋಳಿನ ತುದಿಯನ್ನು ಹಿಡಿದಿರುವುದೇ ನಮ್ಮ ಬೋಲ್ಟ್. ಚಕ್ರ ಮೇಲೇರಿದರೆ ಆರ್ಮ್ ತಿರುಗುತ್ತದೆ, ಬಾರ್ ತಿರುಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ, ಬಿಟ್ಟರೆ ಹಿಂದಕ್ಕೆ ಬರುವ ಬಟ್ಟೆ ಅಂದುಕೊಳ್ಳಿ. ಫರ್ಡಿನಾಂಡ್ ಪೋರ್ಶೆ 1931ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು, ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಬಂತು. ನಮ್ಮ ಸೇನೆಯ ಟಿ-72 ಟ್ಯಾಂಕ್ ನಿಂತಿರುವುದೂ ಇಂಥ ಬಾರುಗಳ ಮೇಲೆಯೇ. ನಮ್ಮೂರಲ್ಲಿ ಕ್ವಾಲಿಸ್, ಟವೇರಾಗಳ ಕೆಳಗೆ ಬಗ್ಗಿ ನೋಡಿದವರಿಗೆ ಇದು ಹೊಸತಲ್ಲ.

ಈಗ ಲೆಕ್ಕ. ಪುಸ್ತಕದ ಸೂತ್ರ ಇದು: ತಿರುಚಿನ ಕೋನ ಬೇಕಿದ್ದರೆ ಟಾರ್ಕನ್ನು (ತಿರುಗಿಸುವ ಬಲವನ್ನು) ಬಾರಿನ ಉದ್ದದಿಂದ ಗುಣಿಸಿ, ಉಕ್ಕಿನ ಶಿಯರ್ ಮಾಡ್ಯುಲಸ್ (ಉಕ್ಕು ತಿರುಚಿಗೆ ಒಡ್ಡುವ ಪ್ರತಿರೋಧ) ಮತ್ತು ಬಾರಿನ ದಪ್ಪದಿಂದ ಬರುವ ಪೋಲಾರ್ ಮೊಮೆಂಟ್‌ಗಳ ಗುಣಲಬ್ಧದಿಂದ ಭಾಗಿಸಬೇಕು. ಒಂದು ಮಾದರಿ ಬಾರ್ ತೆಗೆದುಕೊಳ್ಳೋಣ: ಉದ್ದ 1,200 ಮಿಮೀ, ವ್ಯಾಸ 25 ಮಿಮೀ. ಚಕ್ರದ ಮೇಲಿನ ಭಾರ 4,500 ನ್ಯೂಟನ್, ಆರ್ಮಿನ ಉದ್ದ 350 ಮಿಮೀ. ಟಾರ್ಕ್ 1,575 ನ್ಯೂಟನ್ ಮೀಟರ್ ಆಯಿತು. 25 ಮಿಮೀ ಬಾರಿನ ಪೋಲಾರ್ ಮೊಮೆಂಟ್ ಸುಮಾರು 38,350 ಮಿಮೀಯ ನಾಲ್ಕನೇ ಘಾತ. ಉಕ್ಕಿನ ಮಾಡ್ಯುಲಸ್ ಸುಮಾರು 79,000 ಮೆಗಾಪಾಸ್ಕಲ್. ಭಾಗಿಸಿದರೆ 0.62 ರೇಡಿಯನ್, ಅಂದರೆ 36 ಡಿಗ್ರಿ. ಗಾಡಿ ಸುಮ್ಮನೆ ನಿಂತಿರುವಾಗಲೇ ಬಾರ್ ಅಷ್ಟು ತಿರುಚಿಕೊಂಡಿರುತ್ತದೆ.

ಪೋಲಾರ್ ಮೊಮೆಂಟ್ ವ್ಯಾಸದ ನಾಲ್ಕನೇ ಘಾತದ ಮೇಲೆ ನಿಂತಿದೆ ಎನ್ನುವುದನ್ನು ಗುರುತು ಹಾಕಿಕೊಳ್ಳಿ. 24 ಮಿಮೀ ಬಾರಿನ ಜಾಗಕ್ಕೆ 26 ಮಿಮೀ ಹಾಕಿದರೆ ಗಟ್ಟಿತನ ಸುಮಾರು 38 ಶೇಕಡ ಏರುತ್ತದೆ. ಗಟ್ಟಿತನವನ್ನು ತೀರ್ಮಾನಿಸುವುದು ವ್ಯಾಸ, ಉದ್ದ, ಉಕ್ಕು. ಈ ಮೂರರಲ್ಲಿ ಬೋಲ್ಟ್ ಎಲ್ಲಿದೆ? ಎಲ್ಲೂ ಇಲ್ಲ.

ಹಾಗಾದರೆ ಬೋಲ್ಟ್ ಟೈಟ್ ಮಾಡಿದಾಗ ಗಾಡಿ ಮೇಲೇಳುತ್ತದಲ್ಲ, ಅದು ಹೇಗೆ? ನನಗೂ ಇಲ್ಲಿ ತುಂಬ ದಿನ ಗೊಂದಲವಿತ್ತು. ಬೋಲ್ಟ್ ಬಾರನ್ನು ಇನ್ನಷ್ಟು ತಿರುಚುತ್ತದೆ, ಆದ್ದರಿಂದ ಗಟ್ಟಿ ಎಂದೇ ಅಂದುಕೊಂಡಿದ್ದೆ. ಆದರೆ ಬಾರನ್ನು ತಿರುಚಿ ಹಿಡಿದಿರುವುದು ಗಾಡಿಯ ಭಾರ. ಭಾರ ಬದಲಾಗದಿದ್ದರೆ ಟಾರ್ಕೂ ಹೆಚ್ಚುಕಡಿಮೆ ಅಷ್ಟೇ, ತಿರುಚೂ ಅದೇ 36 ಡಿಗ್ರಿ. ಹಿಂದಿನ ತುದಿಯನ್ನು ನಾವು ಎರಡು ಡಿಗ್ರಿ ತಿರುಗಿಸಿದರೆ ಮುಂದಿನ ತುದಿಯೂ ಎರಡು ಡಿಗ್ರಿ ತಿರುಗುತ್ತದೆ, ಆರ್ಮ್ ಅಷ್ಟು ಕೆಳಕ್ಕೆ ಬಾಗುತ್ತದೆ, ಗಾಡಿ ಏಳುತ್ತದೆ. ಅಷ್ಟೇ. ಚಕ್ರ ಕೆಳಕ್ಕೆ ಇಳಿಯಲು ಇದ್ದ ಜಾಗ ಮಾತ್ರ ಕಡಿಮೆಯಾಗುತ್ತದೆ. ಅತಿಯಾಗಿ ಏರಿಸಿದ ಗಾಡಿ ಪ್ರತಿ ಹಂಪ್ ಇಳಿಯುವಾಗ ರೀಬೌಂಡ್ ಸ್ಟಾಪಿಗೆ, ಅಂದರೆ ಚಕ್ರ ಇನ್ನೂ ಕೆಳಗಿಳಿಯದಂತೆ ಇರುವ ತಡೆಗೆ, ಬಡಿಯುತ್ತದೆ. ಆ ಬಡಿತವನ್ನೇ ಜನ ಗಟ್ಟಿ ಎಂದುಕೊಳ್ಳುತ್ತಾರೆ. ಬಾಲ್ ಜಾಯಿಂಟಿನ (ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲಿನ) ಕೋನ, ಕ್ಯಾಂಬರ್ (ಚಕ್ರದ ಒಳ-ಹೊರ ವಾಲು), ಟೋ (ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವುದು) ಎಲ್ಲ ಜಾಗ ತಪ್ಪುತ್ತವೆ, ಟೈರ್ ಸವೆಯುತ್ತದೆ.

ಜಾಕಿನ ಮೇಲಿದ್ದರೂ ಲೋಡ್ ಉಂಟು

ತಿರುಚಿದ ಬಾರಿನಲ್ಲಿ ಕೂಡಿಟ್ಟ ಶಕ್ತಿ ಟಾರ್ಕ್ ಗುಣಿಸು ಕೋನದ ಅರ್ಧ. ನಮ್ಮ ಮಾದರಿಯಲ್ಲಿ ಸುಮಾರು 490 ಜೌಲ್. 50 ಕೆಜಿಯ ಅಕ್ಕಿ ಮೂಟೆ ಒಂದು ಮೀಟರ್ ಮೇಲಿನಿಂದ ಬಿದ್ದರೆ ಬರುವಷ್ಟು.

"ಗಾಡಿ ಎತ್ತಿದ್ದೇವೆ, ಚಕ್ರ ನೇತಾಡುತ್ತಿದೆ, ಇನ್ನೇನು ಲೋಡ್?" ಎಂದು ಕೇಳುವವರಿಗೆ ಇನ್ನೊಂದು ಲೆಕ್ಕ. ಎತ್ತಿದಾಗ ಚಕ್ರ 80 ಮಿಮೀ ಇಳಿದು ಸ್ಟಾಪಿಗೆ ತಾಗಿತು ಎನ್ನಿ. 350 ಮಿಮೀ ಆರ್ಮಿಗೆ ಅದು ಬರೀ 13 ಡಿಗ್ರಿ. 36ರಲ್ಲಿ 13 ಹೋದರೆ 23 ಡಿಗ್ರಿ ತಿರುಚು ಉಳಿದೇ ಇದೆ, ಸುಮಾರು 1,000 ನ್ಯೂಟನ್ ಮೀಟರ್. ಆಂಕರ್ ಆರ್ಮ್ 200 ಮಿಮೀ ಇದ್ದರೆ ಆ ಒಂದು ಬೋಲ್ಟ್ 500 ಕೆಜಿಗಿಂತ ಹೆಚ್ಚಿನ ಭಾರವನ್ನು ಹಿಡಿದುಕೊಂಡಿರುತ್ತದೆ. ಹಿಂದೆ ಯಾರೋ ಬೋಲ್ಟ್ ಅತಿಯಾಗಿ ಬಿಗಿದಿದ್ದರೆ ಉಳಿಯುವ ತಿರುಚು ಇನ್ನೂ ಹೆಚ್ಚು.

ನಮ್ಮ ಪಿಕಪ್‌ನ ಬೋಲ್ಟಿನ ಎಳೆಗಳು ಕಾಣುತ್ತಲೇ ಇರಲಿಲ್ಲ. ಬಂಗುಡೆ, ಬೂತಾಯಿಯ ಪೆಟ್ಟಿಗೆಗಳಿಂದ ಐಸ್ ಕರಗಿ ಸೋರಿದ ಉಪ್ಪುನೀರು ವರ್ಷಗಟ್ಟಲೆ ಚಾಸಿಯ ಮೇಲೆ ಹರಿದಿತ್ತು. ವೈರ್ ಬ್ರಷ್ ಹಾಕಿ ಉಜ್ಜಿದಾಗ ತುಕ್ಕು ಹಪ್ಪಳದ ಹಾಗೆ ಎದ್ದು ಬಂತು. ಅದರಡಿಯಲ್ಲಿ ಬೋಲ್ಟಿನ ನಡುಭಾಗ ಸೊಂಟದಂತೆ ತೆಳ್ಳಗಾಗಿತ್ತು. ಅಂಥ ಬೋಲ್ಟಿಗೆ ಇಂಪ್ಯಾಕ್ಟ್ ರೆಂಚ್ ಇಟ್ಟರೆ ತುಂಡಾಗುತ್ತದೆ, ತುಂಡಾದ ಕ್ಷಣ ಆಂಕರ್ ಆರ್ಮ್ ಬೀಸಿ ಬರುತ್ತದೆ. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟೆವು. ಮರುದಿನ ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಪುಲ್ಲರ್ (ಆಂಕರ್ ಆರ್ಮನ್ನು ಹಿಡಿದುಕೊಳ್ಳುವ ಸಾಧನ) ಹಾಕಿ ಆಂಕರ್ ಆರ್ಮಿನ ಭಾರವನ್ನು ಅದಕ್ಕೆ ಕೊಟ್ಟು, ಆಮೇಲೆ ಬೋಲ್ಟ್ ಬಿಚ್ಚಿ, ಪುಲ್ಲರನ್ನು ನಿಧಾನ ಸಡಿಲಿಸಿದೆವು. ಕೆಲವು ಗಾಡಿಗಳಲ್ಲಿ ಬೋಲ್ಟ್ ಉದ್ದವಿರುತ್ತದೆ, ಅದನ್ನು ಬಿಚ್ಚುತ್ತ ಹೋದರೇ ಬಾರ್ ಸಡಿಲವಾಗುತ್ತದೆ. ಯಾವುದಾದರೂ ಸರಿ, ಆಂಕರ್ ಆರ್ಮ್ ಬೀಸುವ ದಾರಿಯಲ್ಲಿ ಮುಖ, ಕೈ ಇರಬಾರದು.

ಹೊಸ ಬೋಲ್ಟ್ ಕಂಪೆನಿ ಭಾಗವೇ ಆಗಿರಲಿ. ತಲೆಯ ಮೇಲೆ 10.9 ಎಂದು ಬಲದ ದರ್ಜೆ ಬರೆದಿದ್ದ ಬೋಲ್ಟಿನ ಜಾಗಕ್ಕೆ ಹಾರ್ಡ್‌ವೇರ್ ಅಂಗಡಿಯ 8.8 ಹಾಕಬಾರದು. ಮೊದಲಿನದ್ದು 900 ಮೆಗಾಪಾಸ್ಕಲ್‌ವರೆಗೆ ಶಾಶ್ವತವಾಗಿ ಹಿಗ್ಗುವುದಿಲ್ಲ, ಎರಡನೆಯದು 640ಕ್ಕೇ ಸೋಲುತ್ತದೆ. ಎಳೆಗೂ ಬೋಲ್ಟ್ ತುದಿ ಒತ್ತುವ ಜಾಗಕ್ಕೂ ಗ್ರೀಸ್ ಧಾರಾಳವಾಗಿ ಹಚ್ಚಿ. ಈ ಊರಿನ ಗಾಡಿಗಳಿಗೆ ಅದು ಎಷ್ಟಾದರೂ ಕಡಿಮೆಯೇ.

ಅಳತೆ, ಗುರುತು

ಪಾನಾ ಮುಟ್ಟುವ ಮೊದಲೇ ಸಮತಟ್ಟಾದ ನೆಲದಲ್ಲಿ, ಟೈರಿಗೆ ಸರಿಯಾಗಿ ಗಾಳಿ ಹಾಕಿ, ಖಾಲಿ ಗಾಡಿಯಲ್ಲಿ ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ಎರಡೂ ಬದಿ ಅಳೆದು ಬರೆದಿಡಿ. ಬೋಲ್ಟ್ ಎಷ್ಟು ಹೊರಗಿದೆ ಎನ್ನುವುದನ್ನೂ ಬರೆಯಿರಿ. ಬಾರ್, ಆಂಕರ್ ಆರ್ಮ್, ಮುಂದಿನ ಆರ್ಮ್ ಮೂರರ ಮೇಲೂ ಒಂದೇ ಗೆರೆಯಲ್ಲಿ ಬಿಳಿ ಪೇಂಟ್ ಹಚ್ಚಿ. ಸ್ಪ್ಲೈನಿನ ಒಂದು ಹಲ್ಲು ಆಚೀಚೆ ಆದರೆ ಎತ್ತರ ಕೂಡುವುದೇ ಇಲ್ಲ.

ಗುರುತಿಗೆ ಪಂಚ್ ಹೊಡೆಯಬೇಡಿ. ಬಾರಿನ ಮೈಯಲ್ಲೇ ಅತಿ ಹೆಚ್ಚು ಒತ್ತಡ ಇರುವುದು; ಉಗುರಿನಷ್ಟು ಗಾಯವಾದರೂ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಗ್ಯಾಸ್ ಬೆಂಕಿ ತೋರಿಸಿದರೆ ಉಕ್ಕಿನ ಹದವೇ ಹೋಗುತ್ತದೆ. ಎಡದ ಬಾರ್ ಬಲಕ್ಕೆ ಹಾಕಬಾರದು: ತಯಾರಿಸುವಾಗಲೇ ಪ್ರತಿಯೊಂದನ್ನೂ ಒಂದೇ ದಿಕ್ಕಿಗೆ ಅತಿಯಾಗಿ ತಿರುಚಿ ಹದಗೊಳಿಸಿರುತ್ತಾರೆ, ತಿರುಗುಮುರುಗಾದರೆ ಬೇಗ ತುಂಡಾಗುತ್ತದೆ. ತುದಿಯ ಮೇಲಿನ ಗುರುತನ್ನು ಒರೆಸಿ ನೋಡಿ.

ನಿಜವಾದ ರೋಗ

ನಮ್ಮ ಪಿಕಪ್‌ನ ಟೈರ್ ತಿಂದದ್ದು ಎಡಗಡೆಯ ಲೋವರ್ ಬಾಲ್ ಜಾಯಿಂಟ್ ಮತ್ತು ಲೋವರ್ ಆರ್ಮಿನ (ಕೆಳತೋಳಿನ) ಬುಶ್, ಅಂದರೆ ಆ ಆರ್ಮಿನ ಕೀಲಿನ ರಬ್ಬರ್. ಈ ಗಾಡಿಯಲ್ಲಿ ಬಾರ್ ಲೋವರ್ ಆರ್ಮಿಗೆ ಸೇರಿದೆ, ಹಾಗಾಗಿ ಭಾರ ಹೊರುವುದು ಲೋವರ್ ಬಾಲ್ ಜಾಯಿಂಟ್. ಪರೀಕ್ಷೆಗೆ ಜಾಕನ್ನು ಲೋವರ್ ಆರ್ಮಿನ ಕೆಳಗೇ ಇಡಬೇಕು. ಚಾಸಿಗೆ ಇಟ್ಟರೆ ಬಾರ್ ಆ ಜಾಯಿಂಟನ್ನು ಬಿಗಿದು ಹಿಡಿದಿರುತ್ತದೆ, ಪ್ಲೇ (ಸಡಿಲಾಟ) ಎಷ್ಟಿದ್ದರೂ ತೋರುವುದಿಲ್ಲ. ಬಾರ್ ಅಪ್ಪರ್ ಆರ್ಮಿಗೆ ಇರುವ ಗಾಡಿಯಲ್ಲಿ ಚಾಸಿಯನ್ನೇ ಎತ್ತಿ, ಅಪ್ಪರ್ ಆರ್ಮ್ ಕೆಳಗಿಳಿಯದಂತೆ ಮರದ ತುಂಡು ಕೊಟ್ಟು ನೋಡಬೇಕು. ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸುವಾಗ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಪ್ಲೇ ಮಾಯವಾದರೆ ಅದು ವೀಲ್ ಬೇರಿಂಗಿನದ್ದು, ಉಳಿದರೆ ಜಾಯಿಂಟಿನದ್ದು.

ಜಾಯಿಂಟ್ ಬಿಡಿಸಲು ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಎಳೆ ಉಳಿಸಿ, ಜಾಯಿಂಟ್ ಕೂರುವ ನಕಲ್‌ನ ಪಕ್ಕಕ್ಕೆ ಸುತ್ತಿಗೆಯಿಂದ ಹೊಡೆಯಿರಿ, ಟೇಪರ್ (ಜಾಯಿಂಟಿನ ಮೊನಚಾದ ಕಡ್ಡಿ) ಬಿಟ್ಟುಕೊಳ್ಳುತ್ತದೆ. ಹೊಸದು ಹಾಕಿ ಬಿಗಿದ ಮೇಲೆ ಸ್ಪ್ಲಿಟ್ ಪಿನ್ನಿನ ತೂತು ಕೂಡದಿದ್ದರೆ ನಟ್ಟನ್ನು ಮುಂದಕ್ಕೇ ತಿರುಗಿಸಬೇಕು, ಹಿಂದಕ್ಕೆ ಎಂದೂ ಅಲ್ಲ. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿದ್ದರೆ ಜೋಡಿಯಾಗಿ ಬದಲಿಸಿ.

ಬುಶ್ ವಿಷಯದಲ್ಲಿ ನಾನೇ ತಪ್ಪು ಮಾಡಿದೆ. ಚಕ್ರ ನೇತಾಡುತ್ತಿರುವಾಗಲೇ ಆರ್ಮಿನ ಬೋಲ್ಟನ್ನು ಪೂರ್ತಿ ಟಾರ್ಕಿಗೆ ಬಿಗಿದೆ. ರಬ್ಬರ್ ಬುಶ್ ಬೇರಿಂಗಿನ ಹಾಗೆ ಸುತ್ತುವುದಿಲ್ಲ. ಒಳಗಿನ ಕೊಳವೆ ಬೋಲ್ಟಿಗೆ ಅಂಟಿ ನಿಂತು ರಬ್ಬರೇ ತಿರುಚುತ್ತದೆ. ಗಾಡಿ ಕೆಳಗಿಳಿಸಿದ ಕೂಡಲೇ ಹೊಸ ರಬ್ಬರ್ ಸದಾ ತಿರುಚಿಕೊಂಡೇ ಕೂತಿತು. ಆಗಸ್ಟ್ ಮುಗಿಯುವ ಮೊದಲೇ ಅದು ಹರಿದು, ಕಿರ್ರೆಂದು ಸದ್ದು ಮಾಡುತ್ತ ಗಾಡಿ ವಾಪಸ್ ಬಂತು. ಹಿರಿಯ ಮೆಕ್ಯಾನಿಕ್ ಅಣ್ಣ ಹರಿದ ಬುಶ್ಶನ್ನು ನನ್ನ ಅಂಗೈಗೆ ಇಟ್ಟು, "ನೋಡು, ಹರಿದದ್ದು ಒಂದೇ ಕಡೆಗೆ" ಎಂದರು. ರಬ್ಬರಿನಲ್ಲಿ ಅರ್ಧಚಂದ್ರದ ಹಾಗೆ ಸೀಳು ಬಿದ್ದಿತ್ತು. ಎರಡನೇ ಸಲ ಬೋಲ್ಟ್ ಸಡಿಲವಾಗಿಯೇ ಬಿಟ್ಟು, ಚಕ್ರ ನೆಲಕ್ಕಿಳಿಸಿ, ಎತ್ತರ ಸರಿ ಹೊಂದಿಸಿ, ಗಾಡಿಯನ್ನು ನಾಲ್ಕು ಸಲ ಒತ್ತಿ ಕುಣಿಸಿ, ಆಮೇಲೆ ಬಿಗಿದೆವು.

ಎತ್ತರ ಹೊಂದಿಸುವಾಗ ಪ್ರತಿ ಸಲವೂ ಗಾಡಿ ಎತ್ತಿಯೇ ಬೋಲ್ಟ್ ತಿರುಗಿಸಬೇಕು, ಪೂರ್ತಿ ಭಾರದಲ್ಲಿ ತಿರುಗಿಸಿದರೆ ಎಳೆ ಕಿತ್ತುಹೋಗುತ್ತದೆ. ಇಳಿಸಿ, ಸ್ವಲ್ಪ ಹಿಂದೆ ಮುಂದೆ ಓಡಿಸಿ, ಮತ್ತೆ ಅಳತೆ. ಅದಾದ ಮೇಲೆಯೇ ವೀಲ್ ಅಲೈನ್‌ಮೆಂಟ್. ಮೊದಲು ಮಾಡಿಸಿದರೆ ಹಣ ದಂಡ, ಎತ್ತರ ಬದಲಾದಂತೆ ಟೋ ಬದಲಾಗುತ್ತದೆ. ನಮ್ಮ ಪಿಕಪ್ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪಣಂಬೂರಿನವರೆಗೆ ಹೋಗಿ ಬಂದ ಮೇಲೆ ಮತ್ತೊಮ್ಮೆ ಅಳೆದಾಗ ಎಡಬದಿ 4 ಮಿಮೀ ಇಳಿದಿತ್ತು. ಅರ್ಧ ಸುತ್ತು ಕೊಟ್ಟು ಸರಿಮಾಡಿ, ಎರಡೂ ಬೋಲ್ಟಿನ ಉದ್ದವನ್ನು ಬಾನೆಟಿನ ಒಳಮೈಯಲ್ಲಿ ಪೇಂಟ್ ಪೆನ್ನಿನಿಂದ ಬರೆದೆವು, ಮುಂದಿನ ಜೂನಿಗೆ ನೋಡಿಕೊಳ್ಳಲು.