ಎರಡು ಅಡಿಯ ತೊಟ್ಟಿಯಲ್ಲಿ ಎಷ್ಟು ಮೀನು ಬಿಡಬಹುದು?

ಪ್ರಶ್ನೆ: ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ ತಂದಿದ್ದೇನೆ. ಮಣ್ಣು ಹಾಸಿ, ಗಿಡ ನೆಟ್ಟು, ಫಿಲ್ಟರ್ ಹಾಕಿ ಐದು ವಾರವಾಯಿತು. ಹತ್ತು ಗಪ್ಪಿ, ಎಂಟು ನಿಯಾನ್ ಟೆಟ್ರಾ, ಎರಡು ಏಂಜೆಲ್, ನಾಲ್ಕು ಮಿಸ್ ಕೇರಳ, ಪಾಚಿ ತಿನ್ನಲು ಒಂದು ಸಕ್ಕರ್ ಬಿಡಬೇಕೆಂದಿದ್ದೇನೆ. ಗಿಡಗಳಿದ್ದರೆ ಮೀನು ಸ್ವಲ್ಪ ಹೆಚ್ಚಾದರೂ ನಡೆಯುತ್ತದೆ ಎಂದು ಅಂಗಡಿಯವರು ಹೇಳಿದರು. ನಿಜವೇ?

ಉತ್ತರ: ಹಗಲಿನಲ್ಲಿ ನಿಜ, ರಾತ್ರಿಯಲ್ಲಿ ಅಲ್ಲ.

ಮೀನಿನ ಕಿವಿರಿನಿಂದ ಹೊರಬರುವ ಅಮೋನಿಯಾವನ್ನು ಗಿಡಗಳು ಗೊಬ್ಬರದಂತೆ ಹೀರಿಕೊಳ್ಳುತ್ತವೆ. ಬೆಳಕಿರುವಾಗ ನೀರಿಗೆ ಆಮ್ಲಜನಕವನ್ನೂ ಬಿಡುತ್ತವೆ. ದೀಪ ಆರಿದ ಮೇಲೆ ಅವೂ ಮೀನಿನ ಜೊತೆಗೇ ಉಸಿರಾಡುತ್ತವೆ, ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳೂ ಉಸಿರಾಡುತ್ತವೆ. ಹಾಗಾಗಿ ಗಿಡದ ತೊಟ್ಟಿಯಲ್ಲಿ ಆಮ್ಲಜನಕ ತೀರಾ ಕಡಿಮೆಯಾಗುವುದು ನಸುಕಿನಲ್ಲಿ, ನಾವು ನಿದ್ದೆಯಲ್ಲಿರುವಾಗ. ಬಿಸಿಯಾದ ನೀರು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವುದೂ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ.

ಇದನ್ನು ನಾನು ಕಲಿತದ್ದು ಒಂದು ಏಪ್ರಿಲ್ ರಾತ್ರಿ. ಇಂಥದ್ದೇ ತೊಟ್ಟಿಯಲ್ಲಿ ಮೂವತ್ತು ಟೆಟ್ರಾ ತುಂಬಿದ್ದೆ. ಸಂಜೆ ದೀಪದಲ್ಲಿ ನೋಡಲು ಹಬ್ಬ. ಕರೆಂಟು ಹೋಗಿ ಫಿಲ್ಟರ್ ನಿಂತಿತ್ತು. ಬೆಳಗಿನ ಐದೂವರೆಗೆ ಟಾರ್ಚ್ ಹಿಡಿದು ನೋಡಿದರೆ ಎಲ್ಲವೂ ನೀರಿನ ಮೇಲ್ಪದರಕ್ಕೆ ಮೂತಿ ಹಚ್ಚಿ, ಓರೆಯಾಗಿ ನಿಂತು ಬಾಯಿ ಬಾಯಿ ಬಿಡುತ್ತಿದ್ದವು. ನೀಲಿ ಪಟ್ಟಿ ಮಸುಕಾಗಿತ್ತು. ಚೊಂಬಿನಲ್ಲಿ ನೀರೆತ್ತಿ ಎತ್ತರದಿಂದ ಸುರಿಯುತ್ತಾ ಕುಳಿತೆ. ಆರು ಮೀನು ಉಳಿಯಲಿಲ್ಲ. ಅಂದಿನಿಂದ ನನ್ನ ಲೆಕ್ಕ ಒಂದೇ: ಬೇಸಿಗೆಯ ನಸುಕಿನಲ್ಲಿ, ಕರೆಂಟು ಇಲ್ಲದಾಗ ಈ ತೊಟ್ಟಿ ಎಷ್ಟು ಮೀನನ್ನು ಬದುಕಿಸಬಲ್ಲದು?

ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರಿಗೆ ಒಂದಿಂಚು ಮೀನು ಎಂಬ ಹಳೆಯ ಸೂತ್ರವನ್ನು ನೀವೂ ಕೇಳಿರಬಹುದು. ಸಣ್ಣ ಮೀನುಗಳಿಗೆ ಅಂದಾಜಿಗೆ ಪರವಾಗಿಲ್ಲ, ದೊಡ್ಡವಕ್ಕೆ ಪೂರ್ತಿ ಮೋಸ. ಒಂದೇ ಮೈಕಟ್ಟಿನ ಎರಡು ಮೀನುಗಳಲ್ಲಿ ಒಂದು ಆರು ಪಟ್ಟು ಉದ್ದವಿದ್ದರೆ ಅದರ ತೂಕ ಆರು ಪಟ್ಟಲ್ಲ, 216 ಪಟ್ಟು. ತಿನ್ನುವುದು, ಕೊಳೆ ಮಾಡುವುದು ತೂಕಕ್ಕೆ ತಕ್ಕಂತೆ.

ಇನ್ನು ನಿಮ್ಮ ತೊಟ್ಟಿಯ ನೀರು. ಅಡಿಗೆ 30 ಸೆಂಟಿಮೀಟರ್ ಎಂದು ಹಿಡಿದರೆ ಹೊರಗಿನ ಅಳತೆಯಲ್ಲಿ 54 ಲೀಟರ್. ಐದು ಸೆಂಟಿಮೀಟರ್ ಮಣ್ಣು, ಮೇಲೆ ನಾಲ್ಕು ಸೆಂಟಿಮೀಟರ್ ಖಾಲಿ ಬಿಟ್ಟರೆ 38 ಲೀಟರ್. ಕಲ್ಲು, ಕಟ್ಟಿಗೆ ಕಳೆದರೆ ಇನ್ನೂ ಕಡಿಮೆ.

ಈಗ ಪಟ್ಟಿಗೆ ಬರೋಣ. ಸಕ್ಕರ್ ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ಬೆಳೆದರೆ ಒಂದಡಿ ದಾಟುತ್ತದೆ. ನಿಮ್ಮ ತೊಟ್ಟಿಯ ಅಗಲವೇ ಒಂದಡಿ. ಅದು ಬೇಡ. ಮಿಸ್ ಕೇರಳ ಪಶ್ಚಿಮ ಘಟ್ಟದ ಹರಿಯುವ ಹೊಳೆಯ ಮೀನು, ಐದಾರು ಇಂಚಿನವರೆಗೆ ಬೆಳೆದು ಗುಂಪಾಗಿ ಈಜುವಂಥದ್ದು. ಅದಕ್ಕೆ ನಾಲ್ಕಡಿಯ ತೊಟ್ಟಿಯಾದರೂ ಬೇಕು. ಕಾಡಿನಲ್ಲಿ ಅಳಿವಿನಂಚಿಗೆ ಬಂದಿರುವುದು ಬೇರೆ ಮಾತು. ಏಂಜೆಲ್‌ಗೆ ಎತ್ತರ ಸಾಲದು, ಮೇಲಾಗಿ ದೊಡ್ಡದಾದ ಮೇಲೆ ನಿಮ್ಮ ನಿಯಾನ್‌ಗಳನ್ನೇ ನುಂಗುತ್ತದೆ.

ಉಳಿದದ್ದು ಗಪ್ಪಿ ಮತ್ತು ನಿಯಾನ್. ಗಪ್ಪಿಯಲ್ಲಿ ಗಂಡುಗಳನ್ನಷ್ಟೇ ತನ್ನಿ, ನಾಲ್ಕೈದು ಸಾಕು. ಹೆಣ್ಣು ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಒಮ್ಮೆ ಕೂಡಿದರೆ ಆ ವೀರ್ಯವನ್ನೇ ಒಳಗಿಟ್ಟುಕೊಂಡು, ಗಂಡಿಲ್ಲದೆಯೂ ತಿಂಗಳುಗಟ್ಟಲೆ ಹಾಕುತ್ತಿರುತ್ತದೆ. ನಿಯಾನ್ ಎಂಟು ಇರಲಿ. ಗುಂಪಿಲ್ಲದಿದ್ದರೆ ಅವು ಗಿಡದ ಹಿಂದೆಯೇ ಅಡಗುತ್ತವೆ. ನಿಮ್ಮದು ಗಡಸು ಬೋರ್‌ವೆಲ್ ನೀರಾದರೆ ನಿಯಾನ್ ಬಿಟ್ಟು ಏಳೆಂಟು ಗಂಡು ಗಪ್ಪಿಗಳನ್ನೇ ಸಾಕಿ, ಅವಕ್ಕೆ ಆ ನೀರು ಒಗ್ಗುತ್ತದೆ.

ಐದು ವಾರವಾಯಿತೆಂದು ಎಲ್ಲವನ್ನೂ ಒಂದೇ ದಿನ ಸುರಿಯಬೇಡಿ. ಅಮೋನಿಯಾವೂ, ಬ್ಯಾಕ್ಟೀರಿಯಾಗಳು ಅದರಿಂದ ಮಾಡುವ ನೈಟ್ರೈಟೂ ಮೀನಿಗೆ ವಿಷ. ಮೊದಲು ಟೆಸ್ಟ್ ಕಿಟ್‌ನಲ್ಲಿ ಎರಡೂ ಸೊನ್ನೆ ಎಂದು ನೋಡಿಕೊಂಡು ಗಪ್ಪಿ ಬಿಡಿ. ಎರಡು ಮೂರು ವಾರದ ನಂತರವೂ ಸೊನ್ನೆಯೇ ಇದ್ದರೆ ನಿಯಾನ್. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ; ನಲ್ಲಿ ನೀರಾದರೆ ಕ್ಲೋರಿನ್ ತೆಗೆದು ಹಾಕಿ. ನೀರು ಬದಲಿಸುತ್ತಿದ್ದರೂ ನೈಟ್ರೇಟ್ (ನೈಟ್ರೈಟಿನಿಂದ ಬ್ಯಾಕ್ಟೀರಿಯಾಗಳು ಕೊನೆಗೆ ಮಾಡುವುದು) ವಾರದಿಂದ ವಾರಕ್ಕೆ ಏರುತ್ತಲೇ ಹೋದರೆ ಮೀನು ಹೆಚ್ಚಾಗಿದೆ ಅಥವಾ ನೀವು ಕಾಳು ಜಾಸ್ತಿ ಹಾಕುತ್ತಿದ್ದೀರಿ. ಸಾಮಾನ್ಯವಾಗಿ ಎರಡನೆಯದು.

ಸಕ್ಕರ್ ಈಗಾಗಲೇ ತಂದಿದ್ದರೆ ಅಂಗಡಿಗೇ ಹಿಂತಿರುಗಿಸಿ. ಕೆರೆಗೆ ಮಾತ್ರ ಬಿಡಬೇಡಿ. ಹಾಗೆ ತೊಟ್ಟಿಗಳಿಂದ ಹೊರಬಿದ್ದ ಸಕ್ಕರ್‌ಗಳು ಈಗ ನಮ್ಮ ಕೆರೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿವೆ.